ಐನೂರರಾಚೆಯ ಗುಂಡಿ

"ನಮ್ಮ ಸೊಸೆ ಕುಂತ್ಕಂಡು ಚುಕ್ಕಿ ನೋಡ್ತಾಳ್ರಿ. ಹಸಿರಿದ್ರೆ ಸುಮ್ನಿರ್ತಾಳೆ, ಕೆಂಪಾದ್ರೆ ಫೋನ್ ಹಚ್ತಾಳೆ."

ಸಿಂಗಸಂದ್ರದ ಅಪಾರ್ಟ್‌ಮೆಂಟಿನ ಕೆಳಗೆ ಕಲ್ಲುಬೆಂಚಿನ ಮೇಲೆ ಕೂತು ಶಿವಲಿಂಗಮ್ಮ ಸೊಸೆಯ ಉದ್ಯೋಗವನ್ನು ಹೀಗೆ ವಿವರಿಸುತ್ತಿದ್ದರು. ಕೇಳಿದವರು ನಗುತ್ತಿದ್ದರು. "ಅಷ್ಟಕ್ಕೆ ಬಿ.ಎಸ್‌ಸಿ. ಯಾಕ್ ಬೇಕಿತ್ತು ಅಜ್ಜಿ?" ಎಂದು ಕೆಣಕುತ್ತಿದ್ದರು. ಸುಮಂಗಲಾ ಅತ್ತೆಯನ್ನು ತಿದ್ದಲು ಹೋಗುತ್ತಿರಲಿಲ್ಲ. ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮೂರನೆಯ ಬಣ್ಣವೊಂದನ್ನು ಬಿಟ್ಟಿದ್ದರು, ಅಷ್ಟೆ. ಆ ಬಣ್ಣವನ್ನು ಆಗ ಅವಳೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಎಲೆಕ್ಟ್ರಾನಿಕ್ ಸಿಟಿಯ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ, ಕಿಟಕಿಗಳಿಗೆ ಕಪ್ಪು ಹಾಳೆ ಅಂಟಿಸಿದ ಕೋಣೆಯಲ್ಲಿ ಅವಳ ಕುರ್ಚಿ. ಎದುರು ಗೋಡೆಯಗಲದ ಪರದೆ. ಊರ ಸುತ್ತಲಿನ ಗೋದಾಮು, ಕಾರ್ಖಾನೆ, ಆಫೀಸುಗಳಲ್ಲಿ ಅವಳ ಕಂಪನಿ ನೋಡಿಕೊಳ್ಳುವ ಯಂತ್ರಗಳೆಲ್ಲ ಅಲ್ಲಿ ಚುಕ್ಕಿಗಳಾಗಿ ಕಾಣುತ್ತಿದ್ದವು. ಒಳಗಿನ ಸಾಫ್ಟ್‌ವೇರ್ ಪ್ರತಿಯೊಂದನ್ನೂ ಸರದಿಯಂತೆ 'ಇದ್ದೀಯಾ?' ಎಂದು ಕೇಳುತ್ತಿತ್ತು. 'ಇದ್ದೇನೆ' ಎಂದರೆ ಹಸಿರು. ಉತ್ತರ ಬಾರದಿದ್ದರೆ, ಅಥವಾ ಉತ್ತರವೇ ಕೆಟ್ಟ ಸುದ್ದಿಯಾಗಿದ್ದರೆ, ಕೆಂಪು.

ದಾವಣಗೆರೆಯಲ್ಲಿ ಭೌತಶಾಸ್ತ್ರ ಓದಿ, ಮದುವೆಗೆ ಮೊದಲು ಅದೇ ಕಾಲೇಜಿನ ಪ್ರಯೋಗಾಲಯದಲ್ಲಿ ಉಪಕರಣ ಜೋಡಿಸುತ್ತಿದ್ದವಳು ಸುಮಂಗಲಾ. ಮಗಳು ಸ್ಫೂರ್ತಿ ಶಾಲೆಗೆ ಹೋಗತೊಡಗಿದ ಮೇಲೆ ಈ ಕೆಲಸಕ್ಕೆ ಸೇರಿದಳು. ಬೆಳಗಿನ ಪಾಳಿಯನ್ನು ತಾನೇ ಕೇಳಿ ಪಡೆದಿದ್ದಳು. ಎಲ್ಲವನ್ನೂ ಅಳೆದು ಮಾಡುವ ಸ್ವಭಾವ. ಉಪ್ಪಿಟ್ಟಿಗೆ ನೀರನ್ನೂ ಲೋಟದಲ್ಲಿ ಅಳೆದೇ ಹಾಕುವವಳು. ಆದರೆ ಫೋನಿನ ಆಚೆ ತುದಿಯ ವಾಚ್‌ಮನ್‌ಗಳಿಗೆ, ಸೂಪರ್‌ವೈಸರ್‌ಗಳಿಗೆ ಅವಳ ಬಗ್ಗೆ ಬೇರೆ ಮಾತಿತ್ತು: ಯಂತ್ರ ಕೆಟ್ಟಿದೆ ಎಂದು ಹೇಳುವ ಮೊದಲು 'ತಿಂಡಿ ಆಯ್ತಾ?' ಎಂದು ಕೇಳುವ ಮೇಡಂ ಅವರೊಬ್ಬರೇ.

ಅವಳ ಪರದೆಯ ಚುಕ್ಕಿಗಳಲ್ಲಿ ಹೆಚ್ಚಿನವು ಯಂತ್ರಗಳದು. ಒಂದು ಮಾತ್ರ ಮನುಷ್ಯರದು.

ದೊಡ್ಡನೆಕ್ಕುಂದಿಯ ಕೈಗಾರಿಕಾ ಪ್ರದೇಶದಲ್ಲಿ ಒಂದು ಕೋಲ್ಡ್ ಸ್ಟೋರೇಜ್ ಇತ್ತು. ಬಟಾಣಿ, ಪರೋಟ, ಐಸ್‌ಕ್ರೀಂ ಪೆಟ್ಟಿಗೆಗಳನ್ನು ಇಡುವ ದೊಡ್ಡ ಕೋಣೆ. ಒಳಗೆ ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ. ಬಾಗಿಲು ಗೇಣಿನಷ್ಟು ದಪ್ಪ. ಆ ಬಾಗಿಲ ಪಕ್ಕ, ಒಳಗೋಡೆಯಲ್ಲಿ ಎದೆಮಟ್ಟಕ್ಕೆ ಒಂದು ಗುಂಡಿ. ಬಾಗಿಲು ಹಿಮ ಕಟ್ಟಿ ಕಚ್ಚಿಕೊಂಡರೆ ಒಳಗಿದ್ದವರು ಅದನ್ನು ಒತ್ತಬೇಕು. ಹೊರಗಡೆ ಮೊದಲು ಒಂದು ಸೈರನ್ ಇತ್ತು. ಪಕ್ಕದ ಶೆಡ್ಡಿನವರು ತಕರಾರು ಮಾಡಿದ್ದರಿಂದ ಅದರ ತಂತಿ ಕಿತ್ತಿದ್ದರು. ಹಾಗಾಗಿ ಗುಂಡಿಯ ಕೂಗು ಸುಮಂಗಲಾಳ ಪರದೆಗೆ ಮಾತ್ರ ತಲುಪುತ್ತಿತ್ತು. ಅವಳು ನೋಡಿ ಫೋನ್ ಮಾಡಿದರೆ ಹೊರಗಿನವರು ಓಡಿಬಂದು ಬಾಗಿಲು ತೆಗೆಯುವರು. ಅವಳು ನೋಡದಿದ್ದರೆ ಒಳಗಿದ್ದವರಿಗೆ ಆ ಚಳಿ ಬಿಟ್ಟು ಬೇರೆ ಯಾರೂ ಇಲ್ಲ.

ಆ ಚುಕ್ಕಿ ಮೊದಲ ಸಲ ಕೆಂಪಾದಾಗ ಅವಳು ಕುರ್ಚಿಯಿಂದ ಎದ್ದೇ ಫೋನ್ ಮಾಡಿದ್ದಳು.

"ನಲ್ಲಪ್ಪಣ್ಣ, ಓಡಿ! ಒಳಗೆ ಯಾರೋ ಸಿಕ್ಕಾಕ್ಕೊಂಡಿದ್ದಾರೆ!"

ನಲ್ಲಪ್ಪ ಅಲ್ಲಿನ ಸೂಪರ್‌ವೈಸರ್. ಓಡಿಹೋದವನು ಏದುಸಿರು ಬಿಡುತ್ತ ಮತ್ತೆ ಫೋನಿಗೆ ಬಂದ. "ಏನಿಲ್ಲ ಮೇಡಂ, ಗಾಬ್ರಿ ಆಗ್ಬೇಡಿ. ನಮ್ ಮಲಕವ್ವ. ಹೊಸದಾಗಿ ಸೇರವ್ಳೆ, ಸಿಂದಗಿ ಕಡೆಯವ್ಳು. ಒಳಗೆ ಹೋಗ್ತಿದ್ದಂಗೆ ಗಂಟೆ ಹೊಡ್ದಂಗೆ ಒಂದ್ಸಲ ಒತ್ತವ್ಳೆ. ದೇವಸ್ಥಾನ ಅನ್ಕೊಂಡವ್ಳೋ ಏನ್ ಕಥೆಯೋ!"

ಹಿಂದಿನಿಂದ ಒಂದು ಹೆಣ್ಣುದನಿ ಕೇಳಿತು. "ಒಳಗ ಹೊಂಟೇನಿ ಅಂತ ಹೇಳಬ್ಯಾಡೇನ್ರಿ ಮತ್ತ? ಅಲ್ಲೆ ಯಾರೋ ಅಕ್ಕಾರು ನೋಡ್ಕೋಂತ ಕುಂತಾರ ಅಂದ್ರಿ. ಅವ್ರಿಗೆ ಗೊತ್ತಾಗೂದು ಬ್ಯಾಡ?"

ಸುಮಂಗಲಾಳಿಗೆ ನಗು ಬಂತು. ನಗುವಿನ ಹಿಂದೆಯೇ, ಆ ಹೆಂಗಸು ಹೇಳಿದ್ದು ಸರಿಯಾಗಿದೆ ಎಂದೂ ಹೊಳೆಯಿತು. ಆಪತ್ತಿನಲ್ಲಿ ಮಾತ್ರ ಒತ್ತುವ ಗುಂಡಿ ಕೆಟ್ಟಿದ್ದರೆ ಆಪತ್ತಿನ ದಿನವೇ ತಿಳಿಯುತ್ತದೆ. ದಿನಾ ಒತ್ತುವ ಗುಂಡಿ ದಿನಾ ಪರೀಕ್ಷೆಯಾಗುತ್ತದೆ. "ಬೈಬೇಡಿ ನಲ್ಲಪ್ಪಣ್ಣ. ಒಳಗೆ ಹೋದಾಗ ಒಂದ್ಸಲ, ಹೊರಡೋ ಮುಂಚೆ ಒಂದ್ಸಲ ಒತ್ತಲಿ. ಮೂರನೇದು ಬಂದ್ರೆ ನಾನು ನಿಮ್ಮನ್ನ ಓಡಿಸ್ತೀನಿ," ಎಂದಳು.

ಹಾಗೆ ಶುರುವಾಯಿತು. ಪಾಳಿ ಆರಂಭವಾದ ಸ್ವಲ್ಪ ಹೊತ್ತಿಗೆ ಚುಕ್ಕಿ ಒಮ್ಮೆ ಕೆಂಪಾಗಿ ಹಸಿರಾಗುತ್ತಿತ್ತು. ಸುಮಂಗಲಾ ಕೀಲಿ ಒತ್ತಿ 'ನೋಡಿದೆ' ಎಂದು ದಾಖಲಿಸುತ್ತಿದ್ದಳು. ಆಮೇಲೆ ಎರಡನೆಯದಕ್ಕೆ ಕಾಯುತ್ತಿದ್ದಳು. ಅದು ಬಂದ ಮೇಲೆಯೇ ಕಾಫಿಗೆ ಏಳುವುದು. ಮಳೆ ಬಂದ ದಿನ ಚುಕ್ಕಿ ತಡ. ಹಬ್ಬದ ಮರುದಿನ ಇನ್ನೂ ತಡ. ಒಂದು ವಾರ ಎರಡು ಕೆಂಪುಗಳ ನಡುವಿನ ಹೊತ್ತು ಹೆಚ್ಚಾಗಿತ್ತು, ಮಂಡಿನೋವಿರಬಹುದು ಎಂದುಕೊಂಡಳು. ಹೀಗೆ, ಒಮ್ಮೆಯೂ ಮುಖ ನೋಡದ ಹೆಂಗಸೊಬ್ಬಳನ್ನು ಅವಳು ಒಂದು ವರ್ಷಕ್ಕೂ ಮೇಲೆ ಬಲ್ಲವಳಾಗಿದ್ದಳು.

ಇನ್ನು ಆ ಸಾಫ್ಟ್‌ವೇರಿನ ಲೈಸೆನ್ಸ್ ಬಗ್ಗೆ ಹೇಳಬೇಕು. ಅದು ಐನೂರಕ್ಕೆ ಇತ್ತು. ಕೊಂಡಾಗ ಎಲ್ಲರೂ ಐನೂರು ಯಂತ್ರಗಳು ಎಂದೇ ತಿಳಿದರು. ಅದು ಸಾಲದೆ ಹೋಗುವ ಮಾತೇ ಇಲ್ಲ ಅಂದುಕೊಂಡರು. ಆದರೆ ಸಾಫ್ಟ್‌ವೇರ್ ಎಣಿಸುವುದು ಯಂತ್ರಗಳನ್ನಲ್ಲ, ಪ್ರಶ್ನೆಗಳನ್ನು. ಒಂದು ಶೀತಲ ಕೋಣೆಯೆಂದರೆ ಒಳಗಿನ ತಾಪ ಒಂದು, ಕಂಪ್ರೆಸರ್ ಒಂದು, ಕರೆಂಟು ಒಂದು, ಗುಂಡಿ ಒಂದು. ತಂತಿಗಳು ಕೂಡುವ ಒಂದು ಪುಟ್ಟ ಪೆಟ್ಟಿಗೆಯಲ್ಲಿ ಎಷ್ಟು ತೂತುಗಳಿವೆಯೋ ಅಷ್ಟನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. ಸೆಪ್ಟೆಂಬರಿನಲ್ಲಿ ಪೀಣ್ಯದ ಹೊಸ ಗ್ರಾಹಕರೊಬ್ಬರು ಸೇರಿದಾಗ ಲೆಕ್ಕ ಐನೂರಕ್ಕೆ ಮುಟ್ಟಿತು. ಹೆಚ್ಚಾದ ಹನ್ನೊಂದನ್ನು ಸಾಫ್ಟ್‌ವೇರ್ ಹೊರಗೆ ನಿಲ್ಲಿಸಿತು. ಜಗಳವಿಲ್ಲ, ಎಚ್ಚರಿಕೆಯ ಸದ್ದಿಲ್ಲ. ಹೆಸರು ಉಳಿಸಿಕೊಂಡು ಬಣ್ಣ ಮಾತ್ರ ಬೂದು ಮಾಡಿತು. ಬೂದು ಎಂದರೆ ಕೆಟ್ಟಿದೆ ಎಂದಲ್ಲ. ನಾವು ಅದನ್ನು ಕೇಳುತ್ತಿಲ್ಲ ಎಂದು. ಆಗ ಹೊರಗೆ ನಿಂತವು ಪೀಣ್ಯದ ಹೊಸ ಪ್ರಿಂಟರುಗಳು ಮುಂತಾದವು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಗ್ರಾಹಕರು ಕೋಣೆ ನೋಡಲು ಬಂದಾಗ ಬೂದು ಚುಕ್ಕಿ ಚೆನ್ನಾಗಿ ಕಾಣುವುದಿಲ್ಲವೆಂದು ಮ್ಯಾನೇಜರ್ ಪರಮಾನಂದ ಅವರು ದೊಡ್ಡ ಪರದೆಯಲ್ಲಿ ಅವು ಮೂಡದಂತೆ ಮಾಡಿಸಿದರು.

ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು. ಹಿಂದಿನ ಸಂಜೆಯೇ ಸರ್ವರ್ ಆರಿಸಿ, ಧೂಳು ಕೊಡವಿ, ಒರೆಸಿ, ವಿಭೂತಿ ಕುಂಕುಮ ಹಚ್ಚಿ, ಸೇವಂತಿಗೆ ಮಾಲೆ ಹಾಕಿದರು. ಆ ಒಂದು ರಾತ್ರಿ ಎಲ್ಲ ಕಡೆಯೂ ಕಾವಲಿಗೆ ಮನುಷ್ಯರೇ ಇರುತ್ತಿದ್ದರು. ಬೆಳಿಗ್ಗೆ ಆರತಿ ಎತ್ತಿ, ಬೂದುಗುಂಬಳ ಒಡೆದು, ಸುಮಂಗಲಾಳ ಕೈಯಿಂದಲೇ ಸ್ವಿಚ್ ಹಾಕಿಸಿದರು. ಸಾಫ್ಟ್‌ವೇರ್ ಎದ್ದು, ಹೊಸದಾಗಿ ಎಣಿಸತೊಡಗಿತು. ಯಾರು ಮೊದಲು 'ಇದ್ದೇನೆ' ಎಂದರೋ ಅವರು ಮೊದಲು ಒಳಗೆ. ಪೀಣ್ಯದ ಹೊಸ ಯಂತ್ರಗಳು ಚುರುಕು. ಕೇಳಿದ ತಕ್ಷಣ ಕೂಗಿದವು. ದೊಡ್ಡನೆಕ್ಕುಂದಿಯ ಗುಂಡಿಯದು ಹಳೆಯ ಸಿಮ್ ಹಾಕಿದ ಸಣ್ಣ ಪೆಟ್ಟಿಗೆ; ಅದರ ಉತ್ತರ ಯಾವಾಗಲೂ ಉಸಿರು ತೆಗೆದುಕೊಂಡು ಬರುವಂಥದ್ದು. ಅದು 'ಇದ್ದೇನೆ' ಎನ್ನುವ ಹೊತ್ತಿಗೆ ಐನೂರು ತುಂಬಿತ್ತು.

ಪರದೆಯ ತುಂಬ ಹಸಿರು ಕಂಡು ಎಲ್ಲರೂ ಚಪ್ಪಾಳೆ ತಟ್ಟಿದರು. ಸುಮಂಗಲಾಳೂ ತಟ್ಟಿದಳು.

ಹಬ್ಬ ಮುಗಿದ ಮೇಲೆ ಮಲಕವ್ವನ ಕೆಂಪು ಬರಲಿಲ್ಲ. ಮೊದಲ ದಿನ, ರಜೆ ಅಂದುಕೊಂಡಳು. ಆಮೇಲೆ, ಊರಿಗೆ ಹೋಗಿರಬೇಕು ಅಂದುಕೊಂಡಳು. ದಸರಾಕ್ಕೆ ಊರಿಗೆ ಹೋದ ಎಷ್ಟೋ ಜನ ದೀಪಾವಳಿ ಮುಗಿಸಿ, ಸುಗ್ಗಿ ಮುಗಿಸಿ, ಬೇರೆ ಕೆಲಸ ಹಿಡಿದು ತಿರುಗಿ ಬಾರದೆ ಇರುವುದು ಈ ಕಡೆ ಹೊಸದಲ್ಲ. ನಲ್ಲಪ್ಪನನ್ನು ಕೇಳಬಹುದಿತ್ತು. ಆದರೆ ಕೆಂಪಾಗದೆ ಫೋನ್ ಮಾಡುವ ರೂಢಿ ಆ ಕೋಣೆಯಲ್ಲಿ ಇರಲಿಲ್ಲ. ಹೇಳದೆ ಹೋದಳಲ್ಲ ಎಂದು ಒಳಗೊಳಗೆ ಸಣ್ಣ ಬೇಸರವೂ ಆಯಿತು. ಹೇಳುವುದಕ್ಕೆ ತಾನು ಅವಳಿಗೆ ಯಾರು ಎಂದು ತಾನೇ ಸಮಾಧಾನ ಹೇಳಿಕೊಂಡಳು.

ವಿಚಿತ್ರವೆಂದರೆ ಅವಳ ಬೆರಳು ಒಪ್ಪಲಿಲ್ಲ. ಬೆಳಿಗ್ಗೆ ಅದೇ ಹೊತ್ತಿಗೆ ಅದು ತಾನಾಗಿ ಕೀಲಿಯ ಮೇಲೆ ಹೋಗಿ ಕೂರುತ್ತಿತ್ತು. ಪರದೆಯ ಎಡಮೂಲೆಯಲ್ಲಿ ಏನೋ ಮಿನುಗಿದಂತಾಗಿ ತಿರುಗಿ ನೋಡಿದರೆ ಏನೂ ಇರುತ್ತಿರಲಿಲ್ಲ. ಚಳಿಗಾಲ ಬಂದಂತೆ ಇದು ಹೆಚ್ಚಿತು. ಮನೆಯಲ್ಲಿ ಫ್ರಿಜ್ ಬಾಗಿಲು ಹಾಕಿ, ಮತ್ತೆ ತೆಗೆದು ಒಳಗೆ ನೋಡುತ್ತಿದ್ದಳು. "ಏನಮ್ಮ ಹುಡುಕ್ತಿದೀಯ?" ಎಂದು ಸ್ಫೂರ್ತಿ ಕೇಳಿದರೆ, "ಏನಿಲ್ಲ ಕಣೇ," ಎನ್ನುತ್ತಿದ್ದಳು. ಯಾರೋ ಬಾಗಿಲು ತಟ್ಟುತ್ತಿದ್ದಾರೆ, ಯಾವ ಬಾಗಿಲೆಂದು ಗೊತ್ತಾಗುತ್ತಿಲ್ಲ ಎಂಬ ಭಾವ.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ನಲ್ಲಪ್ಪ ಕಂಪ್ರೆಸರ್ ಸರ್ವಿಸ್ ಬಗ್ಗೆ ಫೋನ್ ಮಾಡಿದ. ಮಾತಿನ ನಡುವೆ ಹಿಂದಿನಿಂದ ಒಂದು ಹೆಣ್ಣುದನಿ ತೇಲಿಬಂತು: "ಅಣ್ಣಾರ, ಜಾಕೀಟ್ ಎಲ್ಲೈತ್ರಿ?"

ಸುಮಂಗಲಾಳ ಬೆನ್ನು ನೆಟ್ಟಗಾಯಿತು. "ಯಾರು ನಲ್ಲಪ್ಪಣ್ಣ ಅದು?"

"ಮಲಕವ್ವ ಮೇಡಂ. ಇನ್ಯಾರು?"

"ಊರಿಂದ ಯಾವಾಗ ಬಂದ್ರು?"

"ಊರಿಗೆ ಹೋದ್ರೆ ತಾನೇ ಬರೋದು? ದೀಪಾವಳಿಗೂ ರಜ ಹಾಕ್ಲಿಲ್ಲ ಪುಣ್ಯಾತ್ಗಿತ್ತಿ. ದಿನಾ ಒಳಗೆ ಹೋಗ್ತಾಳೆ, ದಿನಾ ನಿಮಗೆ ಗುಂಡಿ ಒತ್ತುತಾಳೆ." ಆಮೇಲೆ ಕೇಳಿದ: "ಯಾಕೆ ಮೇಡಂ, ನಿಮಗೆ ಬರ್ತಿಲ್ವಾ?"

"ನಾನು ಹೇಳೋ ತನಕ ಯಾರೂ ಒಳಗೆ ಹೋಗ್ಬೇಡಿ," ಎಂದಷ್ಟೇ ಹೇಳಿ ಫೋನಿಟ್ಟಳು. ತನ್ನ ಮೇಜಿನ ಸಣ್ಣ ಪರದೆಯಲ್ಲಿ ಬಚ್ಚಿಟ್ಟ ಚುಕ್ಕಿಗಳನ್ನು ತೋರಿಸುವಂತೆ ಕೇಳಿದಳು. ದೊಡ್ಡನೆಕ್ಕುಂದಿಯ ಪಟ್ಟಿಯ ತುದಿಯಲ್ಲಿ ಗುಂಡಿ ಇತ್ತು. ಬೂದು. ಕೊನೆಯ ಸಲ ಕೇಳಿದ್ದು: ಆಯುಧಪೂಜೆಯ ಹಿಂದಿನ ಸಂಜೆ.

ಕಾಲೇಜಿನಲ್ಲಿ ಸಿದ್ದರಾಮಪ್ಪ ಮೇಷ್ಟ್ರು ಪ್ರಯೋಗದ ಹಾಳೆಯಲ್ಲಿ ಖಾಲಿ ಬಿಟ್ಟ ಜಾಗಕ್ಕೆ ಸೊನ್ನೆ ಬರೆದವರನ್ನು ಎದ್ದು ನಿಲ್ಲಿಸುತ್ತಿದ್ದರು. ಸೊನ್ನೆ ಒಂದು ಅಳತೆ. ಅಳೆಯದೆ ಬಿಟ್ಟದ್ದು ಅಳತೆಯೇ ಅಲ್ಲ ಎನ್ನುತ್ತಿದ್ದರು. ಸುಮಂಗಲಾ ಒಮ್ಮೆಯೂ ಹಾಗೆ ಎದ್ದು ನಿಂತವಳಲ್ಲ. ಈಗ ಚಳಿಗಾಲ ಪೂರ್ತಿ ಒಬ್ಬ ಹೆಂಗಸಿನ ಹೆಸರಿನ ಮುಂದೆ ಸೊನ್ನೆ ಬರೆದುಕೊಂಡು ಕೂತಿದ್ದಳು.

ಪರಮಾನಂದ ಅವರ ಕ್ಯಾಬಿನ್ನಿಗೆ ಹೋಗಿ ಹೇಳಿದಳು.

"ಗ್ರೇ ಅಂದ್ರೆ ಫಾಲ್ಟ್ ಅಲ್ಲ ಅಲ್ವೇನ್ರೀ?" ಎಂದರು ಅವರು.

"ಫಾಲ್ಟ್ ಆಗಿದ್ರೆ ಕೆಂಪಾಗ್ತಿತ್ತು ಸಾರ್. ನಾವು ಅದನ್ನ ಕೇಳ್ತಾನೇ ಇರ್ಲಿಲ್ಲ."

"ಆದ್ರೆ ಪ್ರತಿ ತಿಂಗಳು ರಿಪೋರ್ಟ್‌ನಲ್ಲಿ ನೂರಕ್ಕೆ ನೂರು ಬಂದಿದೆ. ನಾನೇ ಸೈನ್ ಮಾಡಿದೀನಿ."

"ನೋಡಿದ್ದರಲ್ಲಿ ನೂರಕ್ಕೆ ನೂರು ಸಾರ್. ನೋಡದೇ ಇರೋದು ಆ ಭಾಗಾಕಾರಕ್ಕೇ ಬರಲ್ಲ."

ಪರಮಾನಂದ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಟ್ಟ ಮನುಷ್ಯರಲ್ಲ, ಇಬ್ಬರ ಕೆಲಸವನ್ನು ಒಬ್ಬರೇ ಮಾಡುತ್ತಿದ್ದರು. "ಅಲ್ಲಿ ಏನೂ ಆಗಿಲ್ಲ ತಾನೇ?"

"ಗೊತ್ತಿಲ್ಲ ಸಾರ್. ಆಗಿದ್ರೂ ನಮಗೆ ಗೊತ್ತಾಗ್ತಿರ್ಲಿಲ್ಲ."

"ಲಿಮಿಟ್ ಜಾಸ್ತಿ ಮಾಡೋದು ಏಪ್ರಿಲ್ ರಿನ್ಯೂವಲ್‌ಗೇ ಆಗೋದು. ಈಗ ಒಂದನ್ನ ತೆಗ್ದು ಇದನ್ನ ಹಾಕಿ. ಈಗ್ಲೇ ಹಾಕಿ. ಮತ್ತೆ ರೀಸ್ಟಾರ್ಟ್ ಆದ್ರೂ ಇದು ಹೊರಗೆ ಹೋಗದ ಹಾಗೆ ಮಾಡಿ."

ತೆಗೆಯುವುದು ಕಷ್ಟವಾಗಲಿಲ್ಲ. ಪೀಣ್ಯದ ಪ್ರಿಂಟರೊಂದರಲ್ಲಿ ಶಾಯಿ ಎಷ್ಟು ಉಳಿದಿದೆ ಎಂಬುದನ್ನು ಸಾಫ್ಟ್‌ವೇರ್ ಚಳಿಗಾಲವೆಲ್ಲ ನಿಷ್ಠೆಯಿಂದ ಕೇಳಿಕೊಂಡು ಬಂದಿತ್ತು. ಅದನ್ನು ಬಿಡಿಸಿ ಗುಂಡಿಯನ್ನು ಆ ಜಾಗಕ್ಕೆ ಸೇರಿಸಿದಳು. ನಲ್ಲಪ್ಪನಿಗೆ ಬಾಗಿಲು ತೆರೆದಿಟ್ಟುಕೊಂಡು ಒತ್ತಲು ಹೇಳಿದಳು. ಚುಕ್ಕಿ ಕೆಂಪಾಯಿತು, ಹಸಿರಾಯಿತು. ಕೆಲಸ ಅಲ್ಲಿಗೆ ಮುಗಿದಿತ್ತು.

ಅವಳಿಗೆ ಮಾತ್ರ ಮುಗಿಯಲಿಲ್ಲ. ಮರುದಿನ ರಜೆ ಹಾಕಿ ಸಿಂಗಸಂದ್ರದಲ್ಲಿ ಮೆಟ್ರೊ ಹತ್ತಿ, ಸಿಲ್ಕ್ ಬೋರ್ಡಿನಲ್ಲಿ ಇಳಿದು, ರಿಂಗ್ ರೋಡಿನ ಬಸ್ಸಿನಲ್ಲಿ ನಿಂತುಕೊಂಡೇ ದೊಡ್ಡನೆಕ್ಕುಂದಿಗೆ ಹೋದಳು.

"ಹೇಳ್ದಂಗೆ ಬಂದೇ ಬಿಟ್ರಲ್ಲ ಮೇಡಂ!" ನಲ್ಲಪ್ಪ ಗೇಟಿನವರೆಗೂ ಬಂದ. ಧ್ವನಿಗಿಂತ ವಯಸ್ಸಾದ, ಕುಳ್ಳಗಿನ ಮನುಷ್ಯ. "ಮಲಕವ್ವ, ಬಾ ಇಲ್ಲಿ. ನಿಮ್ಮ ಅಕ್ಕಾರು ಬಂದವ್ರೆ ನೋಡು!"

ಎರಡಳತೆ ದೊಡ್ಡದಾದ ದಪ್ಪ ಜಾಕೆಟ್ಟಿನೊಳಗಿಂದ ಒಂದು ಸಣ್ಣ ಮುಖ ಇಣುಕಿತು. ಅವಳು ಓಡಿಬಂದು ಸುಮಂಗಲಾಳ ಕಾಲು ಮುಟ್ಟಲು ಬಗ್ಗಿದಳು. ಸುಮಂಗಲಾ ಹಿಂದೆ ಸರಿದು ಅವಳ ಭುಜ ಹಿಡಿದಳು.

"ಏ, ಬ್ಯಾಡ, ಏನಿದು ಮಲಕವ್ವ!"

"ಮುಟ್ಟಾಕ ಬಿಡ್ರಿ ಅಕ್ಕಾರ. ಜೀವಾ ಉಳಿಸಿದವ್ರು ನೀವು." ಮಲಕವ್ವನ ಕಣ್ಣುಗಳು ತುಂಬಿದ್ದವು. "ಸಂಕ್ರಮಣ ಆದ ಮ್ಯಾಲ ಒಂದಿನ ಬಾಗಲಾ ಕಚ್ಚಿಬಿಡ್ತು ನೋಡ್ರಿ. ಹಿಡಿಕಿ ದೂಡತೀನಿ, ಅಳ್ಳಾಡವಲ್ದು. ಗುಂಡಿ ಒತ್ತಿದೆ. ಮತ್ತ ಒತ್ತಿದೆ. ಮತ್ತೂ ಒತ್ತಿದೆ. ಅಕ್ಕಾರು ನೋಡಿರ್ತಾರ, ಫೋನ್ ಹಚ್ಚಿರ್ತಾರ, ಈಗ ಬರ್ತಾರ ಅಂತ ಪೆಟಗಿ ಮ್ಯಾಲ ಕುಂತೆ. ಒದರಲಿಲ್ರಿ, ಅಳಲೂ ಇಲ್ಲ. ಒದರಿದ್ರ ದಮ್ಮ ಹೋಗ್ತಿತ್ತು. ಕೈ ಎರಡೂ ಬಗಲಾಗ ಇಟ್ಕೊಂಡು ನಿಮ್ಮ ಕೂಡ ಮಾತಾಡ್ಕೋಂತ ಕುಂತೆ. ಅಷ್ಟ ಹೊತ್ತಿಗೆ ನಲ್ಲಪ್ಪಣ್ಣ ಬಂದ ತಗದ."

ಒಳಗೆ ಹೋಗಿ, ಹಾಳೆಯಲ್ಲಿ ಸುತ್ತಿದ ಕಟಕ್ ರೊಟ್ಟಿ, ಶೇಂಗಾ ಚಟ್ನಿ ತಂದು ಸುಮಂಗಲಾಳ ಕೈಯಲ್ಲಿಟ್ಟಳು. ಫೋನಿನಲ್ಲಿ ನಲ್ಲಪ್ಪ ಮೇಡಂ ಬರುತ್ತಾರೆ ಎಂದಿದ್ದಕ್ಕೆ ನಸುಕಿನಲ್ಲೇ ಎದ್ದು ತಟ್ಟಿದ್ದಳಂತೆ. ಸುಮಂಗಲಾ ಆ ಪೊಟ್ಟಣ ಹಿಡಿದು ನಿಂತಳು. ನಲ್ಲಪ್ಪ ತನ್ನ ಬೂಟಿನ ತುದಿ ನೋಡುತ್ತಿದ್ದ.

ಅವನನ್ನು ತೂಕದ ಯಂತ್ರದ ಪಕ್ಕಕ್ಕೆ ಕರೆದೊಯ್ದು ಕೇಳಿದಳು. "ಅವತ್ತು ನಾನು ಫೋನ್ ಮಾಡಿರ್ಲಿಲ್ಲ ನಲ್ಲಪ್ಪಣ್ಣ."

"ಇಲ್ಲ ಮೇಡಂ."

"ಮತ್ತೆ ನೀವ್ಯಾಕೆ ಬಾಗ್ಲು ತೆಗೆದ್ರಿ?"

ನಲ್ಲಪ್ಪ ಆ ಕಡೆ ಈ ಕಡೆ ನೋಡಿದ. "ನನ್ ಮೊಮ್ಮಗಳ ಬರ್ತ್‌ಡೇ ಇತ್ತು. ಐಸ್‌ಕ್ರೀಂ ಕೇಕ್ ತಂದಿದ್ದೆ, ಸಂಜೆ ತನಕ ಒಳಗಿಡೋಣ ಅಂತ. ಹೊರಗಿನ ಸಾಮಾನು ಇಡಂಗಿಲ್ಲ ಮೇಡಂ, ರೂಲ್ಸು. ಅದ್ಕೇ ಯಾರೂ ಇಲ್ದಾಗ ಹೋದೆ. ಬಾಗ್ಲು ಬರ್ಲಿಲ್ಲ, ಒದ್ದು ತೆಗ್ದೆ. ಇವ್ಳು ಪೆಟ್ಟಿಗೆ ಮೇಲೆ ಕೂತವ್ಳೆ, ಹುಬ್ಬಿಗೆಲ್ಲಾ ಹಿಮ. ನನ್ನ ನೋಡಿ 'ಅಕ್ಕಾರು ಕಳಿಸಿದ್ರೇನ್ರಿ?' ಅಂದ್ಲು. ಹೂಂ ಅಂದ್ಬಿಟ್ಟೆ. ಮತ್ತೇನ್ ಹೇಳ್ಲಿ? ಕೇಕ್ ಕಳಿಸ್ತು ಅನ್ಲಾ?"

ಅಂದರೆ ಆ ದಿನ ಬೆಳಿಗ್ಗೆ ಸುಮಂಗಲಾ ತನ್ನ ಕುರ್ಚಿಯಲ್ಲಿ ಇದ್ದಳು. ಪರದೆ ಪೂರ್ತಿ ಹಸಿರಾಗಿತ್ತು. ಕಾಫಿ ಕುಡಿದಿರಬೇಕು.

"ಬಾಗ್ಲು ಚೌಕಟ್ಟಿನ ಹೀಟರ್ ತಂತಿ ಸುಟ್ಟೋಗಿತ್ತು. ಹೊಸದು ಹಾಕ್ಸಿದೀನಿ, ಇನ್ನು ಕಚ್ಚಲ್ಲ," ಎಂದ ನಲ್ಲಪ್ಪ. ಧ್ವನಿ ತಗ್ಗಿಸಿದ. "ಯಾಕ್ ಫೋನ್ ಬರ್ಲಿಲ್ಲ ಅಂತ ಅವತ್ತೇ ನಿಮ್ಮನ್ನ ಕೇಳ್ಬೇಕಿತ್ತು, ಕೇಕಿನ ವಿಷ್ಯ ಆಚೆ ಬೀಳತ್ತೆ ಅಂತ ಸುಮ್ನಾದೆ. ಗುಂಡಿನೂ ನಿಮಗೆ ಬರ್ತಾ ಐತಲ್ಲ ಈಗ? ಅವ್ಳಿಗೆ ಹೇಳ್ಬೇಡಿ ಮೇಡಂ. ಹೆದ್ರಿ ಕೆಲ್ಸ ಬಿಟ್ರೆ ಇನ್ನೆಲ್ಲಿ ಹೋಗ್ತಾಳೆ? ನಿಮ್ಮೇಲೆ ಭಕ್ತಿ ಇಟ್ಕೊಂಡವ್ಳೆ, ಇರ್ಲಿ ಬಿಡಿ."

ಹೇಳದೆ ಇರಲು ಎಲ್ಲ ಕಾರಣಗಳೂ ಇದ್ದವು. ಗುಂಡಿ ಐನೂರರ ಒಳಗೆ ಬಂದಿತ್ತು, ಬಾಗಿಲು ಸರಿಯಾಗಿತ್ತು, ಹೆಂಗಸು ಬದುಕಿದ್ದಳು. ಸುಮಂಗಲಾ ರೊಟ್ಟಿಯ ಪೊಟ್ಟಣ ಕೈಯಲ್ಲೇ ಹಿಡಿದು ಕೋಣೆಯ ಬಾಗಿಲ ಹತ್ತಿರ ಹೋದಳು. ಮಲಕವ್ವ ಕೈಗವಸು ಹಾಕಿಕೊಳ್ಳುತ್ತ, ಒಳಗೆ ಹೋಗಲು ಸಿದ್ಧಳಾಗುತ್ತಿದ್ದಳು. ಈಗ ಒಳಗೆ ಹೋಗಿ ಗುಂಡಿ ಒತ್ತುತ್ತಾಳೆ. ಒತ್ತಿ, ನೆಮ್ಮದಿಯಾಗಿ ಬಾಗಿಲು ಮುಚ್ಚಿಕೊಳ್ಳುತ್ತಾಳೆ. ಮತ್ತೊಮ್ಮೆ ಬಾಗಿಲು ಕಚ್ಚಿದರೆ, ಕೂಗದೆ, ಬಡಿಯದೆ, ಪೆಟ್ಟಿಗೆಯ ಮೇಲೆ ಕೂತು ಕಾಯುತ್ತಾಳೆ.

"ಮಲಕವ್ವ, ಸ್ವಲ್ಪ ನಿಲ್ರಿ," ಎಂದಳು. "ಅವತ್ತು ನಾನು ಕಳಿಸ್ಲಿಲ್ಲ."

"ಏನಂದ್ರಿ?"

"ನೀವು ಒತ್ತಿದ್ದು ನನಗೆ ಬರ್ಲಿಲ್ಲ. ಆಯುಧಪೂಜೆಯಿಂದ ನಿನ್ನೆವರೆಗೂ ಒಂದೂ ಬರ್ಲಿಲ್ಲ. ಅಲ್ಲಿ ಇಷ್ಟೇ ನೋಡಬಹುದು ಅಂತ ಒಂದು ಲೆಕ್ಕ ಇದೆ. ಆ ಲೆಕ್ಕ ತುಂಬಿ ನಿಮ್ಮ ಗುಂಡಿ ಹೊರಗುಳೀತು. ನೀವು ಊರಿಗೆ ಹೋಗಿದ್ದೀರಿ ಅಂದ್ಕೊಂಡಿದ್ದೆ ನಾನು. ನಲ್ಲಪ್ಪಣ್ಣ ಬಂದಿದ್ದು ಬೇರೆ ಕೆಲ್ಸಕ್ಕೆ."

ಮಲಕವ್ವ ಒಂದು ಕೈಗವಸು ಹಾಕಿ ಇನ್ನೊಂದನ್ನು ಹಿಡಿದು ನಿಂತಿದ್ದಳು. ನಲ್ಲಪ್ಪನ ಕಡೆ ನೋಡಿದಳು. ಅವನು ತಲೆ ಎತ್ತಲಿಲ್ಲ.

"ಹಂಗಾರ ಅವತ್ತ ನೀವು ಇರ್ಲಿಲ್ಲ."

"ಇದ್ದೆ. ಕುರ್ಚಿ ಮೇಲೇ ಇದ್ದೆ. ಕಾಣಲಿಲ್ಲ."

"ನಾ ದಿನಾ ನಿಮಗ ಹೇಳ್ಕೋಂತ ಇದ್ದೆ. ಮೊಣಕಾಲ ನೋವು, ಮನಿ ಮಾಲಕರು ನೀರ ಬಂದ್ ಮಾಡಿದ್ದು, ಎಲ್ಲಾ."

"ಗುಂಡಿಯಲ್ಲಿ ಮಾತು ಬರಲ್ಲ ಮಲಕವ್ವ. ಸರಿ ಇದ್ದಾಗ್ಲೂ ಬರಲ್ಲ."

"ಅಷ್ಟ ಗೊತ್ತಾಗಂಗಿಲ್ಲೇನ್ರಿ ನನಗ?" ಎಂದಳು ಮಲಕವ್ವ, ಮೊದಲ ಸಲ ಸ್ವಲ್ಪ ಬಿರುಸಾಗಿ. "ಮಾತು ಬರಂಗಿಲ್ಲ. ನೋಡಾಕ ಮಂದಿ ಅದಾರ ಅಂದ್ಕೊಂಡಿದ್ದೆ."

ಕಂಪ್ರೆಸರ್ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಹಿಡಿದಿದ್ದ ಕೈಗವಸನ್ನು ಮಡಚುತ್ತ ಅವಳು ಕೇಳಿದಳು. "ಯಾಕ ಹೇಳಿದ್ರಿ ಅಕ್ಕಾರ? ನಂಬ್ಕೊಂಡಿದ್ದೆ. ಛಲೋ ಇತ್ತು."

"ನಾಳೆನೂ ನೀವು ಒಳಗೆ ಹೋಗ್ತೀರಲ್ಲ. ಅದಕ್ಕೆ."

ಮಲಕವ್ವ ರೊಟ್ಟಿಯನ್ನು ವಾಪಸು ಕೇಳಲಿಲ್ಲ. ಎರಡನೆಯ ಕೈಗವಸು ತೊಟ್ಟು, ಬಾಗಿಲ ಮುಂದೆ ನಿಂತು, ಒಳಗಿನ ಬಿಳಿ ಆವಿಯನ್ನು ಬಹಳ ಹೊತ್ತು ನೋಡಿದಳು. ಮನೆಗೆ ಹೊಸದಾಗಿ ಬಂದವರು ಬಾವಿಯನ್ನು ಬಗ್ಗಿ ನೋಡುವ ಹಾಗೆ.

ಮರುದಿನ ಬೆಳಿಗ್ಗೆ ಸುಮಂಗಲಾ ಕೀಲಿಯ ಮೇಲೆ ಬೆರಳಿಟ್ಟು ಕಾದಳು. ಗುಂಡಿಯ ಚುಕ್ಕಿ ಹಸಿರಾಗಿಯೇ ಇತ್ತು. ಹೊತ್ತು ಮೀರಿದರೂ ಕೆಂಪಾಗಲಿಲ್ಲ. ಕೆಲಸ ಬಿಟ್ಟಳೇ ಎಂದುಕೊಳ್ಳುವಷ್ಟರಲ್ಲಿ ಅದರ ಪಕ್ಕದ ಚುಕ್ಕಿ ಕೆಂಪಾಯಿತು: ಕೋಣೆಯ ತಾಪ ಏರುತ್ತಿತ್ತು. ಸೊನ್ನೆಯ ಕೆಳಗೆ ಹದಿನೆಂಟಿದ್ದದ್ದು ಹದಿನೇಳು, ಹದಿನಾರು. ಈ ಸಲ ಅವಳು ಊಹೆ ಮಾಡಲು ಹೋಗದೆ ಫೋನ್ ಎತ್ತಿದಳು.

"ಬಾಗ್ಲಿಗೆ ಬಟಾಣಿ ಕ್ರೇಟ್ ಅಡ್ಡ ಇಟ್ಕೊಂಡು ಒಳಗೆ ಹೋಗವ್ಳೆ ಮೇಡಂ," ಎಂದ ನಲ್ಲಪ್ಪ. "ತೆಗಿಯಮ್ಮ ಅಂದ್ರೆ ಕಣ್ ಬಿಡ್ತಾಳೆ. ಗುಂಡಿ ಒತ್ತು ಅಂದ್ರೆ ಅದನ್ನೂ ಒತ್ತಲ್ಲ. ಒಂದೇ ಹಟ."

"ಇರ್ಲಿ ಬಿಡಿ. ಎರಡು ಡಿಗ್ರಿಗೆ ಬಟಾಣಿ ಕೆಡಲ್ಲ. ಬಾಗ್ಲು ಹಾಕಿದ್ಮೇಲೆ ಇಳಿಯತ್ತೆ."

"ಐಸ್ ಕಟ್ಕೊಳ್ಳತ್ತಲ್ಲ ಮೇಡಂ, ಯಾರು ಕೆರೆಯೋದು?"

"ನೀವೇ ಕೆರೀರಿ ನಲ್ಲಪ್ಪಣ್ಣ. ಕೇಕ್ ತಿಂದಿದೀರಲ್ಲ," ಎಂದಳು. ಆಚೆ ತುದಿಯಲ್ಲಿ ಅವನು ನಕ್ಕ; ಅವಳಿಗೆ ನಗು ಬರಲಿಲ್ಲ.

ಅಂದಿನಿಂದ ದಿನಾ ಬೆಳಿಗ್ಗೆ ಆ ತಾಪದ ಚುಕ್ಕಿ ಕೆಂಪಾಗುತ್ತದೆ. ಪರಮಾನಂದ ಅವರು ಎರಡು ಸಲ ಹೇಳಿದರು: "ಸುಮಂಗಲಾ, ರಿಪೋರ್ಟ್‌ನಲ್ಲಿ ಅದೊಂದೇ ಕಪ್ಪುಚುಕ್ಕೆ. ಎಚ್ಚರಿಕೆಯ ಮಟ್ಟ ಸ್ವಲ್ಪ ಮೇಲೆ ಏರಿಸಿಬಿಡಿ, ಕೆಂಪಾಗಲ್ಲ."

"ಬೇಡ ಸಾರ್," ಎಂದಳು ಅವಳು. "ಅದು ಕೆಂಪಿದ್ದರೆ ಬಾಗ್ಲು ತೆಗ್ದಿದೆ ಅಂತ."

ಹೊರಗುಳಿದ ಬೂದು ಚುಕ್ಕಿಗಳನ್ನು ಅವಳು ದೊಡ್ಡ ಪರದೆಗೆ ಮತ್ತೆ ತಂದಿದ್ದಾಳೆ. ಮಧ್ಯಾಹ್ನ ಬಿಡುವಾದಾಗ ಒಂದೊಂದಕ್ಕೇ ಫೋನ್ ಮಾಡಿ, ತಿಂಡಿ ಊಟ ವಿಚಾರಿಸಿ, ಅದರ ಹತ್ತಿರ ಯಾರು ಕೆಲಸ ಮಾಡುತ್ತಾರೆ ಎಂದು ಕೇಳುತ್ತಾಳೆ. ಒಂದನ್ನು ಒಳಗೆ ತಂದರೆ ಒಂದು ಹೊರಗೆ ಹೋಗಬೇಕು. ಹೊರಗೆ ಹೋಗುವುದರ ಹಿಂದೆ ಯಾರೂ ಇಲ್ಲವೆಂದು ಖಾತ್ರಿಯಾಗುವ ತನಕ ಅವಳ ಕೈ ಓಡುವುದಿಲ್ಲ. ಕೆಲವು ಕಡೆ ಫೋನ್ ಯಾರೂ ಎತ್ತುವುದಿಲ್ಲ.

ಬೆಳಗಿನ ಆ ಕೆಂಪು ಇಳಿಯುವವರೆಗೆ ಅವಳು ಕುರ್ಚಿ ಬಿಟ್ಟು ಏಳುವುದಿಲ್ಲ. ಹದಿನಾರು, ಹದಿನೇಳು, ಹದಿನೆಂಟು. ಮಲಕವ್ವ ಹೊರಗೆ ಬಂದಳು, ಕ್ರೇಟ್ ತೆಗೆದಳು. ಅದರ ಪಕ್ಕದಲ್ಲೇ ಗುಂಡಿಯ ಚುಕ್ಕಿ ಹಸಿರಾಗಿದೆ. ಕೇಳಿದಾಗಲೆಲ್ಲ, ತುಸು ತಡವಾಗಿ, 'ಇದ್ದೇನೆ' ಎನ್ನುತ್ತದೆ. ಅದನ್ನು ಈಗ ಯಾರೂ ಒತ್ತುವುದಿಲ್ಲ.